ಲೆಕ್ಕ ಬರುತ್ತೆ, ಬರೆಯೋಕೆ ಬರಲ್ಲ ಅನ್ನುವವರಿಗೆ: ದಿನಕ್ಕೆ 20 ನಿಮಿಷದ ಒಂದು ಅಭ್ಯಾಸ

ದಾವಣಗೆರೆಯಲ್ಲಿ ಸಂಜೆ ಟ್ಯೂಷನ್ ಹೇಳಿಕೊಡುವ ನನಗೆ ಜೂನ್ ಬಂತೆಂದರೆ ಎರಡು ಪ್ರಶ್ನೆ ತಪ್ಪಿದ್ದಲ್ಲ. "ನಮ್ಮ ಹುಡುಗಂಗೆ ಲೆಕ್ಕ ಚೆನ್ನಾಗಿ ಬರುತ್ತೆ ಮೇಡಂ, ನಾಲ್ಕು ಸಾಲು ಬರಿ ಅಂದ್ರೆ ಮಾತ್ರ ಪೆನ್ನು ಕಚ್ಕೊಂಡು ಕೂರ್ತಾನೆ." ಇನ್ನೊಂದು ಇದರ ಉಲ್ಟಾ. "ಮಗಳು ಪ್ರಬಂಧ ಸ್ಪರ್ಧೆಲಿ ಬಹುಮಾನ ತರ್ತಾಳೆ, ಲೆಕ್ಕ ಅಂದ್ರೆ ಜ್ವರ ಬರುತ್ತೆ." ಎರಡಕ್ಕೂ ಬಾಲ ಒಂದೇ: "ಅದು ಬೇರೆ ಬುದ್ಧಿ, ಇದು ಬೇರೆ ಬುದ್ಧಿ, ಅಲ್ವಾ ಮೇಡಂ?" ಈಗ ಕೆಲಸಕ್ಕೆ ಸೇರಿರುವ ಹಳೆಯ ಮಕ್ಕಳೂ ಫೋನ್ ಮಾಡಿ, ಆಫೀಸಿನಲ್ಲಿ ರಿಪೋರ್ಟ್ ಬರೆಯೋಕೆ ಹೇಳಿದ್ದಾರೆ, ಹೇಗೆ ಶುರು ಮಾಡಲಿ ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಬೇರೆ ಬುದ್ಧಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಥೆ ಕಟ್ಟುವುದು ಬೇರೆ, ಮಗ್ಗಿ ಪಟಪಟ ಹೇಳುವುದು ಬೇರೆ, ಅದು ನಿಜ. ಆದರೆ ಶಾಲೆಯಲ್ಲಿ ಆಗಲಿ ಕೆಲಸದಲ್ಲಿ ಆಗಲಿ ನಮ್ಮನ್ನು ಕೆಡವುವುದು ಇವೆರಡೂ ಅಲ್ಲ. ಯಾವುದರಿಂದ ಯಾವುದು, ಎಷ್ಟು, ಯಾಕೆ ಅನ್ನುವುದನ್ನು ಮಧ್ಯೆ ಏನೂ ನುಂಗದೆ ಹೇಳಬೇಕಲ್ಲ, ಎಡವುವುದು ಅಲ್ಲಿ. ಆ ಅಭ್ಯಾಸ ಲೆಕ್ಕಕ್ಕೂ ಬರಹಕ್ಕೂ ಒಂದೇ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕಂದಾಯದ ಲೆಕ್ಕ ಇಡುತ್ತಿದ್ದವರೂ ಶಾನುಭೋಗರೇ, ಕಾಗದ ಪತ್ರ ಬರೆಯುತ್ತಿದ್ದವರೂ ಶಾನುಭೋಗರೇ.

ಏನೇನು ಬೇಕು?

ಗೆರೆ ಇರುವ ಒಂದು ನೋಟ್‌ಬುಕ್, ಪೆನ್ನು, ದಿನಕ್ಕೆ 20 ನಿಮಿಷ. ರಫ್ ಬುಕ್ ಬೇಡ, ಅದರಲ್ಲಿ ಬರೆದದ್ದನ್ನು ಯಾರೂ ಮತ್ತೆ ಓದುವುದಿಲ್ಲ. ಕ್ಯಾಲ್ಕುಲೇಟರ್ ಇದ್ದರೆ ಇರಲಿ, ಇಲ್ಲಿ ಗುಣಾಕಾರದ ಪರೀಕ್ಷೆ ನಡೆಯುತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕೇಳಿಸಿಕೊಳ್ಳುವವರು ಒಬ್ಬರು ಬೇಕು. ಅವರಿಗೆ ಲೆಕ್ಕ ಬರದೇ ಇದ್ದರೆ ಒಳ್ಳೆಯದು. ಅಜ್ಜಿ ಆದರೆ ಇನ್ನೂ ಒಳ್ಳೆಯದು, ಯಾಕಂದರೆ "ಅದ್ಹೆಂಗೆ?" ಅಂತ ಕೇಳೋಕೆ ಅಜ್ಜಿಗೆ ಸಂಕೋಚ ಇರುವುದಿಲ್ಲ. 6ನೇ ಕ್ಲಾಸಿನಿಂದ ಮೇಲಿನ ಯಾರಿಗಾದರೂ ಇದು ಆಗುತ್ತೆ, ದೊಡ್ಡವರಿಗೂ.

1. ಅಂಕಿ ಮುಟ್ಟುವ ಮೊದಲು ಕಥೆ ಹೇಳಿಸಿ

ಹೇಳಿಕೆ ಲೆಕ್ಕ, ಅಂದರೆ ಬರೀ ಅಂಕಿ ಕೊಡದೆ ಮಾತಿನಲ್ಲಿ ಕೊಡುವ ಲೆಕ್ಕ, ಇಲ್ಲಿಂದ ಶುರು ಮಾಡಿ. ನಾನು ಕೊಡುವುದು ಇಂಥದ್ದು. ಅಂಕಿಗಳು ಸುಲಭಕ್ಕೆ ಅಂತ ನಾನು ಹಾಕಿಕೊಂಡವು, ಇವತ್ತಿನ ರೇಟು ಅಂದುಕೊಳ್ಳಬೇಡಿ.

ಒಬ್ಬ ರೈತ 48 ಚೀಲ ಮೆಕ್ಕೆಜೋಳವನ್ನು ದಾವಣಗೆರೆ ಎಪಿಎಂಸಿಗೆ ತಂದ. ಚೀಲಕ್ಕೆ 50 ಕೆ.ಜಿ. ಕ್ವಿಂಟಾಲ್‌ಗೆ 2,200 ರೂಪಾಯಿ ಸಿಕ್ಕಿತು. ಹಮಾಲಿ ಚೀಲಕ್ಕೆ 8 ರೂಪಾಯಿ, ಗಾಡಿ ಬಾಡಿಗೆ 1,500 ರೂಪಾಯಿ. ಅವನ ಕೈಗೆ ಬಂದದ್ದೆಷ್ಟು?

ಮಗು ತಕ್ಷಣ 48ನ್ನು ಯಾವುದಕ್ಕೋ ಗುಣಿಸೋಕೆ ಹೊರಡುತ್ತೆ. ತಡೆಯಿರಿ. ಒಂದೂ ಅಂಕಿ ಹೇಳದೆ ಏನಾಯಿತು ಹೇಳು ಅನ್ನಿ. "ಜೋಳ ಮಾರಿದ, ತೂಕಕ್ಕೆ ತಕ್ಕಂಗೆ ದುಡ್ಡು ಬಂತು, ಅದರಲ್ಲಿ ಹಮಾಲಿಗೆ, ಗಾಡಿಗೆ ಹೋಯ್ತು, ಎಷ್ಟು ಉಳೀತು ಅಂತ ಕೇಳ್ತಿದಾರೆ." ಇಷ್ಟು ಬಾಯಲ್ಲಿ ಬಂದರೆ ಅರ್ಧ ಲೆಕ್ಕ ಆಯಿತು. ಬರಲಿಲ್ಲ ಅಂದರೆ ತೊಂದರೆ ಗುಣಾಕಾರದ್ದಲ್ಲ, ಓದಿನದು. ಅಂಥ ಮಗುವಿಗೆ ಇನ್ನೂ 50 ಗುಣಾಕಾರ ಹಾಕಿ ಕೊಟ್ಟು ಏನೂ ಪ್ರಯೋಜನ ಇಲ್ಲ.

ಇಲ್ಲೊಂದು ಹಳ್ಳ ಇದೆ, ಹುಷಾರು. "ಒಟ್ಟು ಅಂತ ಕಂಡರೆ ಕೂಡು, ಉಳಿದದ್ದು ಅಂತ ಕಂಡರೆ ಕಳೆ" ಅಂತ ಹೇಳಿಕೊಡುವವರಿದ್ದಾರೆ. ದಯವಿಟ್ಟು ಬೇಡ. "ಆಟದಲ್ಲಿ 5 ಗೋಲಿ ಕಳೆದುಕೊಂಡ ಮೇಲೆ ಅವನ ಹತ್ತಿರ 12 ಉಳಿದಿವೆ, ಮೊದಲು ಎಷ್ಟಿದ್ದವು?" ಈ ವಾಕ್ಯದಲ್ಲಿ ಕಳೆಯುವುದೂ ಇದೆ, ಉಳಿಯುವುದೂ ಇದೆ, ಮಾಡಬೇಕಾದ್ದು ಮಾತ್ರ ಕೂಡುವುದು.

2. ವಿಭಕ್ತಿಯನ್ನು ಲೆಕ್ಕದ ಕಣ್ಣಿಂದ ನೋಡಿ

ಇದಕ್ಕೆ ಜಾಸ್ತಿ ದಿನ ಕೊಡಿ. ಕನ್ನಡ ಪಾಠದಲ್ಲಿ ಅನ್ನು, ಇಂದ, ಗೆ, ಅಲ್ಲಿ ಅಂತ ಪದದ ಬಾಲಕ್ಕೆ ಅಂಟುವ ಚೂರುಗಳನ್ನು ಕಲಿಸುತ್ತಾರಲ್ಲ, ಅವೇ ವಿಭಕ್ತಿ ಪ್ರತ್ಯಯ. ಆ ಕ್ಲಾಸಿನಲ್ಲಿ ಆಕಳಿಸಿದವನು ಲೆಕ್ಕದ ಕ್ಲಾಸಿನಲ್ಲಿ ದಂಡ ಕಟ್ಟುತ್ತಾನೆ. ಯಾಕಂದರೆ ಕನ್ನಡದಲ್ಲಿ ಯಾವುದರಿಂದ ಯಾವುದನ್ನು ಅಂತ ಹೇಳುವ ಕೆಲಸವೆಲ್ಲ ಆ ಚೂರಿನದ್ದೇ.

ನೋಟ್‌ಬುಕ್ಕಿನಲ್ಲಿ 20 ಮತ್ತು 5 ಅಂತ ಎರಡೇ ಅಂಕಿ ಬರೆದುಕೊಳ್ಳಿ. "20ರಿಂದ 5ನ್ನು ಕಳೆ" ಅಂದರೆ 15. "20ನ್ನು 5ರಿಂದ ಕಳೆ" ಅಂದರೆ ಮೈನಸ್ 15. ಅಂಕಿ ಅದೇ, ಜಾಗವೂ ಅದೇ, ಬಾಲ ಮಾತ್ರ ಅದಲುಬದಲು. ಈಗ ಭಾಗಾಕಾರಕ್ಕೆ ಬನ್ನಿ. "20ನ್ನು 5ರಿಂದ ಭಾಗಿಸು" ಅಂದರೆ 4. ಕಳೆಯುವಾಗ 'ಇಂದ' ಅಂಟಿಕೊಂಡದ್ದು ಯಾವುದರೊಳಗಿಂದ ತೆಗೆಯುತ್ತೇವೋ ಆ ಸಂಖ್ಯೆಗೆ, ಭಾಗಿಸುವಾಗ ಅಂಟಿಕೊಂಡದ್ದು ಭಾಗ ಮಾಡುವ ಸಂಖ್ಯೆಗೆ. ಒಂದೇ ಪ್ರತ್ಯಯಕ್ಕೆ ಎರಡು ಕೆಲಸ! "20ರಿಂದ 5ನ್ನು ಭಾಗಿಸು" ಅಂದಾಗ ಮಕ್ಕಳು 4 ಅಂತಲೇ ಬರೆಯುತ್ತಾರೆ, ಉತ್ತರ ಕಾಲು. ದಡ್ಡತನದಿಂದ ಅಲ್ಲ, ಬಾಲ ನೋಡದೆ ದೊಡ್ಡ ಅಂಕಿ ಮೇಲೆ, ಚಿಕ್ಕ ಅಂಕಿ ಕೆಳಗೆ ಅಂತ ಕೈ ರೂಢಿಯಾಗಿರುವುದರಿಂದ.

ಬೀಜಗಣಿತ ಶುರುವಾದ ಮೇಲೆ ಇದು ಇನ್ನೂ ಕಾಡುತ್ತೆ. "ಎಕ್ಸ್‌ಗಿಂತ 5 ಕಡಿಮೆ" ಅಂದರೆ ಎಕ್ಸ್ − 5, ಅದೊಂದು ಸಂಖ್ಯೆ. "ಎಕ್ಸ್ 5ಕ್ಕಿಂತ ಕಡಿಮೆ" ಅಂದರೆ ಎಕ್ಸ್ < 5, ಅದು ಹೋಲಿಕೆ. 'ಗಿಂತ' ಈ ಕಡೆಯಿಂದ ಆ ಕಡೆಗೆ ಹಾರಿತು, ಲೆಕ್ಕವೇ ಬೇರೆಯಾಯಿತು.

ಇನ್ನೊಂದು ಫೇಮಸ್ ತಪ್ಪು. "ಒಬ್ಬ ಮೇಷ್ಟ್ರಿಗೆ 30 ಮಕ್ಕಳು" ಅನ್ನುವುದನ್ನು ಸಮೀಕರಣ ಮಾಡು ಅಂದರೆ 30 × ಮಕ್ಕಳು = ಮೇಷ್ಟ್ರು ಅಂತ ಬರೆಯುತ್ತಾರೆ. ಡಿಗ್ರಿ ಮಾಡಿದವರೂ ಬರೆಯುತ್ತಾರೆ. ವಾಕ್ಯದಲ್ಲಿ 30ರ ಪಕ್ಕ ಮಕ್ಕಳು ಕೂತಿದ್ದಾರಲ್ಲ, ಹಾಗೇ ಇಳಿಸಿಬಿಡುವುದು. ಬಿಡಿಸಿ ಹೇಳಿಸಿ: "ಮಕ್ಕಳ ಸಂಖ್ಯೆ ಮೇಷ್ಟ್ರ ಸಂಖ್ಯೆಯ 30ರಷ್ಟು." ಆಮೇಲೆ ಒಂದು ಅಂಕಿ ಹಾಕಿ ನೋಡಲಿ. ಮೇಷ್ಟ್ರು 2 ಆದರೆ ಮಕ್ಕಳು 60 ಆಗಬೇಕು. ಅವನು ಬರೆದಿದ್ದರಲ್ಲಿ 60 ಮಕ್ಕಳಿಗೆ 1,800 ಮೇಷ್ಟ್ರು ಬರುತ್ತಾರೆ. ಅದನ್ನು ನೋಡಿ ಅವನೇ ನಗುತ್ತಾನೆ, ನೀವು ಬೈಯಬೇಕಾಗಿಲ್ಲ.

ಒಂದು ವಾರ, ದಿನಕ್ಕೆ ಒಂದು ಜೋಡಿ ಅಂಕಿ ಕೊಟ್ಟು, ಅದೇ ಜೋಡಿಯಲ್ಲಿ ಐದು ಬೇರೆ ಬೇರೆ ವಾಕ್ಯ ಬರೆಸಿ ಉತ್ತರ ಹಾಕಿಸಿ. ವ್ಯಾಕರಣವೂ ಆಯಿತು, ಲೆಕ್ಕವೂ ಆಯಿತು. "ಮೂರು ಪಟ್ಟು ಹೆಚ್ಚು" ಅನ್ನುವ ಮಾತು ಮಾತ್ರ ಬರೆಯೋಕೆ ಬಿಡಬೇಡಿ. 10ರ ಮೂರು ಪಟ್ಟು 30. ಮೂರು ಪಟ್ಟು ಹೆಚ್ಚು ಅಂದರೆ ಕೆಲವರಿಗೆ 30, ಕೆಲವರಿಗೆ 40. ಇಬ್ಬರಿಗೆ ಎರಡು ಥರ ಕೇಳಿಸುವ ಮಾತು ಬರಹದಲ್ಲಿ ಯಾಕೆ?

3. = ಅನ್ನುವುದು ಕ್ರಿಯಾಪದ

ಮೇಲಿನ ಜೋಳದ ಲೆಕ್ಕವನ್ನು ಹತ್ತರಲ್ಲಿ ಆರು ಮಕ್ಕಳಾದರೂ ಹೀಗೆ ಬರೆಯುತ್ತಾರೆ:

48 × 50 = 2400 ÷ 100 = 24 × 2200 = 52800

ಉತ್ತರ ಸರಿ, ಬರೆದದ್ದು ಸುಳ್ಳು. ಜೋರಾಗಿ ಓದಿಸಿ ನೋಡಿ. 48 ಗುಣಿಸು 50 ಸಮ 2400 ಭಾಗಿಸು 100. ಅಂದರೆ 2400ಕ್ಕೆ 24 ಸಮ ಅಂತ ಹೇಳಿದ ಹಾಗಾಯಿತು. ಮಕ್ಕಳ ತಲೆಯಲ್ಲಿ = ಅಂದರೆ "ಉತ್ತರ ಬಂತು, ಮುಂದೆ ನಡಿ" ಅಂತ. ಆದರೆ ಅದು ಒಂದು ಪೂರ್ತಿ ಮಾತು, "ಇದು ಅದಕ್ಕೆ ಸಮ". 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದವನು ಈ ಚಿಹ್ನೆ ತಂದದ್ದೇ "ಸಮ" ಅಂತ ಪದೇ ಪದೇ ಬರೆಯುವ ಬೇಸರಕ್ಕೆ. ಎರಡು ಸಮಾನಾಂತರ ಗೆರೆಗಳಿಗಿಂತ ಸಮವಾದದ್ದು ಇನ್ನೊಂದಿಲ್ಲ ಅಂತ ಅವನ ಲೆಕ್ಕ. ಪದ ಹೋಗಿ ಗೆರೆ ಬಂತು ಅಷ್ಟೇ, ವಾಕ್ಯ ಎಲ್ಲೂ ಹೋಗಿಲ್ಲ.

ಅದಕ್ಕೇ ಎಡಗಡೆ ಯಾವತ್ತೂ ಹೆಸರು ಬರೆಸಿ:

ಒಟ್ಟು ತೂಕ = 48 × 50 ಕೆ.ಜಿ. = 2,400 ಕೆ.ಜಿ. = 24 ಕ್ವಿಂಟಾಲ್
ಜೋಳದ ಬೆಲೆ = 24 × 2,200 = 52,800 ರೂಪಾಯಿ
ಹಮಾಲಿ = 48 × 8 = 384 ರೂಪಾಯಿ
ಒಟ್ಟು ಖರ್ಚು = 384 + 1,500 = 1,884 ರೂಪಾಯಿ
ಕೈಗೆ ಬಂದದ್ದು = 52,800 − 1,884 = 50,916 ರೂಪಾಯಿ

ಒಂದೊಂದು ಸಾಲೂ ಒಂದೊಂದು ವಾಕ್ಯ. ಎಡಗಡೆ ಇರುವುದು ಕರ್ತೃ, ಅಂದರೆ ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಅದು. ಎಸ್ಸೆಸ್ಸೆಲ್ಸಿ ಗಣಿತದ 80 ಅಂಕದ ಪೇಪರಿನಲ್ಲಿ ಹಂತಕ್ಕೂ ಅಂಕ ಇರುತ್ತದೆ. ಕೊನೆಯ ಉತ್ತರ ತಪ್ಪಾದರೂ ಹಂತ ಕಂಡರೆ ಕೈಗೆ ಏನಾದರೂ ಸಿಗುತ್ತೆ. "ಮನಸ್ಸಲ್ಲೇ ಮಾಡ್ದೆ ಮೇಡಂ" ಅನ್ನುವ ಜಾಣರು ಸೋಲುವುದು ಇಲ್ಲೇ. ಪೇಪರ್ ತಿದ್ದುವವರಿಗೆ ನಿನ್ನ ಮನಸ್ಸು ಕಾಣಲ್ಲಪ್ಪ.

4. ಅಂಕಿಯ ಪಕ್ಕ ಏಕಮಾನ

ಏಕಮಾನ ಅಂದರೆ ಕೆ.ಜಿ., ರೂಪಾಯಿ, ದಿನ, ಜನ ಇಂಥವು. ಅಂಕಿಯನ್ನು ಒಂಟಿಯಾಗಿ ಬಿಡಬೇಡಿ. ಸಣ್ಣ ವಿಷಯ ಅಂತ ಮಕ್ಕಳು ಮೂಗು ಮುರಿದರೆ ನಮ್ಮ ಪಕ್ಕದ ಜಿಲ್ಲೆಯ ಕಥೆ ಹೇಳಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಚಪಡ ಎಂಬ ಲಿಪಿಕಾರ ಬರೆದದ್ದು, 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅದರಲ್ಲಿ 256 ಅನ್ನುವ ಸಂಖ್ಯೆ ಇದೆ. ಏನು 256? ಆ ಪದ ಅಲ್ಲಿ ಇಲ್ಲ. ವರ್ಷ ಅಂದರು ಕೆಲವರು, ಧರ್ಮ ಸಾರಲು ಕಳಿಸಿದ ಜನ ಅಂದರು ಇನ್ನು ಕೆಲವರು. ದೊಡ್ಡ ದೊಡ್ಡ ವಿದ್ವಾಂಸರು ವಾದ ಮಾಡಿದರು. ಬಿಹಾರದ ಸಹಸ್ರಾಮದಲ್ಲಿ ಇದೇ ಶಾಸನದ ಇನ್ನೊಂದು ಪ್ರತಿ ಇದೆ, ಅದರಲ್ಲಿ 'ರಾತ್ರಿ' ಅನ್ನುವ ಪದ ಇತ್ತು. ಅದನ್ನು ಹಿಡಿದು, ಪ್ರವಾಸದಲ್ಲಿ ಕಳೆದ 256 ರಾತ್ರಿ ಅಂತ ಓದಲು ಸಾಧ್ಯವಾಯಿತು. ಬಂಡೆ ಮೇಲೆ ಒಂದು ಪದ ಬಿಟ್ಟಿದ್ದಕ್ಕೆ ಇಷ್ಟು ರಾಮಾಯಣ.

ನನ್ನದೂ ಒಂದು ಇದೆ. ಒಮ್ಮೆ ಪ್ರಶ್ನೆಪತ್ರಿಕೆ ಜೆರಾಕ್ಸ್‌ಗೆ ಕೊಟ್ಟು "4 ಪುಟ, 200" ಅಂತ ಚೀಟಿ ಬರೆದೆ. ನನಗೆ ಬೇಕಾಗಿದ್ದು 200 ಸೆಟ್. ಬಂದದ್ದು 200 ಹಾಳೆ, ಅಂದರೆ 50 ಸೆಟ್. ತಪ್ಪು ಅಂಗಡಿಯವರದ್ದಲ್ಲ.

5. "ಆದ್ದರಿಂದ" ಅನ್ನುವುದನ್ನು ಗಳಿಸಿಕೊಳ್ಳಿ

ಇದು ವಿಶೇಷವಾಗಿ ಆ ಪ್ರಬಂಧದ ಹುಡುಗಿಗೆ. ರೇಖಾಗಣಿತದಲ್ಲಿ ಪ್ರಮೇಯ ಬರೆಯುವಾಗ ನಾಲ್ಕು ತಲೆಬರಹ ಬರುತ್ತವೆ. ದತ್ತ ಅಂದರೆ ನಮಗೆ ಗೊತ್ತಿರುವುದು. ಸಾಧನೀಯ ಅಂದರೆ ತೋರಿಸಬೇಕಾದ್ದು. ರಚನೆ ಅಂದರೆ ತೋರಿಸೋಕೆ ಅಂತ ನಾವು ಎಳೆದುಕೊಳ್ಳುವ ಗೆರೆ. ಸಾಧನೆ ಅಂದರೆ ಒಂದೊಂದೇ ಹೆಜ್ಜೆ ಇಟ್ಟು ತೋರಿಸುವುದು. ಮಕ್ಕಳು ಇದನ್ನು ಉರು ಹೊಡೆಯುತ್ತಾರೆ. ಉರು ಹೊಡೆದದ್ದು ಪರೀಕ್ಷೆ ಮುಗಿದ ಮೂರನೇ ದಿನ ಖಾಲಿ.

ಚಿಹ್ನೆಯೇ ಇಲ್ಲದ ಒಂದು ಸಾಧನೆಯಿಂದ ಶುರು ಮಾಡಿಸಿ. ಎರಡು ಬೆಸ ಸಂಖ್ಯೆ ಕೂಡಿದರೆ ಸಮ ಸಂಖ್ಯೆ ಯಾಕೆ ಬರುತ್ತೆ? ನನ್ನ ಒಬ್ಬಳು ವಿದ್ಯಾರ್ಥಿನಿ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: "ಬೆಸ ಸಂಖ್ಯೆ ಅಂದರೆ ಜೋಡಿ ಮಾಡುತ್ತಾ ಹೋದಾಗ ಕೊನೆಗೆ ಒಂದು ಒಂಟಿ ಉಳಿಯುವ ಸಂಖ್ಯೆ. ಎರಡು ಬೆಸ ಸಂಖ್ಯೆ ತಗೊಂಡರೆ ಒಂದೊಂದರಲ್ಲೂ ಒಂದೊಂದು ಒಂಟಿ ಇರುತ್ತೆ. ಕೂಡಿಸಿದಾಗ ಆ ಎರಡು ಒಂಟಿಗಳೇ ಒಂದು ಜೋಡಿ ಆಗುತ್ತವೆ. ಆದ್ದರಿಂದ ಒಂಟಿ ಯಾರೂ ಉಳಿಯಲ್ಲ." ಲೆಕ್ಕ ಅಂದರೆ ಜ್ವರ ಬರುವ ಹುಡುಗಿ ಬರೆದದ್ದು ಇದು. ಒಂದು ಪದ ತೆಗೆಯುವ ಹಾಗಿಲ್ಲ. ಇಲ್ಲಿ "ಆದ್ದರಿಂದ" ಸುಮ್ನೆ ಬಂದು ಕೂತಿಲ್ಲ, ಹಿಂದಿನ ಮೂರು ವಾಕ್ಯ ಅದನ್ನು ಹೊತ್ತು ತಂದಿವೆ.

ಈಗ ಅದನ್ನೇ ಮನವಿ ಪತ್ರಕ್ಕೆ ತಿರುಗಿಸಿ. ನಮ್ಮ ಬಡಾವಣೆಗೆ ಬಸ್ ಸ್ಟಾಪ್ ಬೇಕು ಅಂತ ಬರೆಯಬೇಕು. ದತ್ತ ಏನು? ಬೆಳಿಗ್ಗೆ ಎಷ್ಟು ಮಕ್ಕಳು, ಎಷ್ಟು ದೂರ ನಡೆಯುತ್ತಾರೆ, ಎಣಿಸಿ ಬರೆ. ಸಾಧನೀಯ ಏನು? ಸ್ಟಾಪ್ ಇಲ್ಲೇ ಯಾಕೆ, ಮುಂದಿನ ಕ್ರಾಸಿನಲ್ಲಿ ಯಾಕಲ್ಲ? ಎಷ್ಟೋ ಪತ್ರಗಳಲ್ಲಿ ಮೊದಲ ಮುಕ್ಕಾಲು ಪುಟ "ಶಿಕ್ಷಣವು ಮಾನವನ ಬಾಳಿನ ಬೆಳಕು" ಅಂತಲೇ ಹೋಗಿಬಿಡುತ್ತೆ, ಬೇಕಾದ ಅಂಕಿ ಒಂದೂ ಇರುವುದಿಲ್ಲ. ಇನ್ನೊಂದು, "ಎಲ್ಲರಿಗೂ ತಿಳಿದಿರುವಂತೆ" ಅನ್ನುವ ಮಾತು ಕಂಡಲ್ಲೆಲ್ಲ ಕೆಳಗೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಅದರ ಅಡಿಯಲ್ಲಿ ಒಂದು ಹೆಜ್ಜೆ ಅಡಗಿ ಕೂತಿರುತ್ತೆ.

6. ಕೆಲಸದಲ್ಲಿ ಇರುವವರಿಗೆ

"ಸೇಲ್ಸ್ 20 ಪರ್ಸೆಂಟ್ ಜಾಸ್ತಿ ಆಗಿದೆ ಸರ್." ಈ ಮೆಸೇಜ್ ನೋಡಿದ ಯಜಮಾನರಿಗೆ ಏನು ಗೊತ್ತಾಯಿತು? ಯಾವಾಗಿನಿಂದ, ಯಾವುದಕ್ಕಿಂತ, ಎಷ್ಟು ಇದ್ದದ್ದು? ಬದಲಿಗೆ ಹೀಗೆ ಬರೆಯಿರಿ: "ಆಗಸ್ಟ್‌ನಲ್ಲಿ 250 ಸೀರೆ ಮಾರಿದ್ದೆವು, ಸೆಪ್ಟೆಂಬರ್‌ನಲ್ಲಿ 300. 50 ಜಾಸ್ತಿ, ಅಂದರೆ ಆಗಸ್ಟ್‌ಗಿಂತ ಶೇಕಡಾ 20." ಎರಡು ವಾಕ್ಯ, ಮತ್ತೆ ಫೋನ್ ಬರುವುದಿಲ್ಲ.

ಶೇಕಡಾದಲ್ಲಿ ಇನ್ನೊಂದು ಗುಂಡಿ. ವಾಪಸ್ ಬರುವ ಮಾಲು ಶೇಕಡಾ 8 ಇದ್ದದ್ದು ಶೇಕಡಾ 12 ಆಯಿತು ಅನ್ನಿ. ಶೇಕಡಾ 4 ಏರಿತು ಅಂತ ಬರೆಯಬೇಡಿ. ಏರಿದ್ದು 4 ಶೇಕಡಾ ಅಂಶ, ಅಂದರೆ ಎರಡು ಶೇಕಡಾಗಳ ನಡುವಿನ ಅಂತರ. ಮೊದಲಿದ್ದ 8ಕ್ಕೆ ಹೋಲಿಸಿದರೆ ಏರಿಕೆ ಶೇಕಡಾ 50. ಗೊಂದಲ ಬೇಡ ಅಂದರೆ "8ರಿಂದ 12ಕ್ಕೆ" ಅಂತ ಎರಡೂ ಅಂಕಿ ಬರೆದುಬಿಡಿ. ಬಡ್ಡಿಯಲ್ಲೂ ಇದೇ. "ನೂರಕ್ಕೆ ಎರಡು ರೂಪಾಯಿ" ಅಂತ ಬಾಯಲ್ಲಿ ಹೇಳಿದಾಗ ಅದು ತಿಂಗಳಿಗೆ, ವರ್ಷಕ್ಕೆ ಶೇಕಡಾ 24. ಕಾಗದದಲ್ಲಿ ಬರೀ ಶೇಕಡಾ 2 ಅಂತ ಬರೆದುಕೊಂಡು ಆಮೇಲೆ ಜಗಳ ಆಡಬೇಡಿ.

ಸರಾಸರಿ ಬರೆಯುವಾಗಲೂ ನೋಡಿಕೊಳ್ಳಿ. ನಾಲ್ಕು ಜನರಿಗೆ 12,000 ಸಂಬಳ, ಮ್ಯಾನೇಜರಿಗೆ 72,000. ಸರಾಸರಿ 24,000, ಅಷ್ಟು ಸಂಬಳ ತಗೊಳ್ಳುವವರು ಅಲ್ಲಿ ಒಬ್ಬರೂ ಇಲ್ಲ. ಇಂಥ ಕಡೆ ಮಧ್ಯಾಂಕ ಬರೆಯಿರಿ, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಾಗ ನಡುವೆ ನಿಲ್ಲುವ ಸಂಖ್ಯೆ. ಇಲ್ಲಿ 12,000.

ರಿಪೋರ್ಟ್ ಶುರು ಮಾಡುವುದು ಹೇಗೆ ಅಂದವರಿಗೆ: ಸಾಧನೀಯದಿಂದ. ಏನು ಹೇಳಬೇಕೋ ಅದು ಮೊದಲ ಸಾಲಿನಲ್ಲೇ ಬರಲಿ, ಅಂಕಿ ಆಮೇಲೆ.

7. ತಿದ್ದುವುದು

ಬರೆದ ದಿನವೇ ತಿದ್ದಬೇಡಿ. ಮರುದಿನ ಬರೆದವರೇ ಜೋರಾಗಿ ಓದಲಿ, ಅಜ್ಜಿ ಕೇಳಲಿ. ಅಜ್ಜಿ "ಅದ್ಹೆಂಗೆ?" ಅಂದ ಕಡೆ ಒಂದು ಹೆಜ್ಜೆ ತಪ್ಪಿದೆ ಅಂತ ಅರ್ಥ, ಅಲ್ಲೊಂದು ವಾಕ್ಯ ಸೇರಿಸಲಿ. ಮೊದಲ ತಿಂಗಳು ಕಾಗುಣಿತಕ್ಕೆ ಕೆಂಪು ಪೆನ್ನು ಎತ್ತಬೇಡಿ. ಅಲ್ಪಪ್ರಾಣ ಮಹಾಪ್ರಾಣ ಆಮೇಲೆ ಸರಿ ಮಾಡಬಹುದು, ಮೊದಲು ಮಾತು ಪೂರ್ತಿಯಾಗಲಿ.

ಇಂಗ್ಲಿಷ್ ಮೀಡಿಯಂ ಮಕ್ಕಳ ಬಗ್ಗೆ ತುಂಬಾ ಜನ ಕೇಳುತ್ತೀರಿ. ಮೊದಲು ಮನೆಮಾತಿನಲ್ಲೇ ಹೇಳಲಿ, ಬರೆಯುವಾಗ ಇಂಗ್ಲಿಷಿಗೆ ತಿರುಗಿಸಿಕೊಳ್ಳಲಿ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಪಿಯುಸಿ ಸೈನ್ಸಿಗೆ ಹೋಗುವವರು ಬೇಸಿಗೆ ರಜೆಯಲ್ಲೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡು ಕಾಲಂ ಮಾಡಿಕೊಳ್ಳಿ. ಅಂಶದ ಎದುರು ನ್ಯೂಮರೇಟರ್, ಛೇದದ ಎದುರು ಡಿನಾಮಿನೇಟರ್, ವರ್ಗಮೂಲದ ಎದುರು ಸ್ಕ್ವೇರ್ ರೂಟ್, ಪ್ರಮೇಯದ ಎದುರು ಥಿಯರಮ್. ಜೂನ್‌ನಲ್ಲಿ ಕಾಲೇಜಿಗೆ ಹೋಗಿ ಅಳುವ ಎಷ್ಟೋ ಮಕ್ಕಳಿಗೆ ಲೆಕ್ಕ ಗೊತ್ತಿರುತ್ತೆ, ಅದರ ಹೊಸ ಹೆಸರು ಗೊತ್ತಿರುವುದಿಲ್ಲ.

ನಾಳೆಯ 20 ನಿಮಿಷಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಬೆಣ್ಣೆ ದೋಸೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಹೋಟೆಲಿನವರು ಶೇಕಡಾ 10 ಏರಿಸಿದರು. ಗಿರಾಕಿ ಕಡಿಮೆಯಾದರು ಅಂತ ಮತ್ತೆ ಶೇಕಡಾ 10 ಇಳಿಸಿದರು. ರೇಟು ಮೊದಲಿನಷ್ಟೇ ಆಯಿತಾ? ಚಿಹ್ನೆ ಬಳಸದೆ, ಐದು ವಾಕ್ಯದಲ್ಲಿ, ಯಾಕೆ ಅಂತ ಬರೆಸಿ. ಉತ್ತರ 99 ರೂಪಾಯಿ, ಅದು ಕ್ಯಾಲ್ಕುಲೇಟರಿಗೂ ಗೊತ್ತು. ನೀವು ಹುಡುಕಬೇಕಾದ್ದು "100ರ ಶೇಕಡಾ 10", "110ರ ಶೇಕಡಾ 10" ಅಂತ ಎರಡನ್ನೂ ಬೇರೆ ಬೇರೆ ಬರೆದಿದೆಯಾ ಅಂತ. ಬರೆದಿದ್ದರೆ 110ರ ಪಕ್ಕದ ಆ 'ರ'ಕ್ಕೆ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ ಕೊಡಿ.